ತಳ್ಳುವವರಿಲ್ಲದ ಕುರ್ಚಿ

ಸ್ಪೇನಿನ ದೊರೆ ಎರಡನೆಯ ಫಿಲಿಪ್ ತನ್ನ ಕೊನೆಯ ವರ್ಷಗಳಲ್ಲಿ ಗೌಟ್ ಎಂಬ ಕೀಲುಬೇನೆಯಿಂದ ನಡೆಯಲಾರದೆ ಹೋದ. 1595ರ ಸುಮಾರಿಗೆ ಅವನಿಗೊಂದು ಕುರ್ಚಿ ಇತ್ತು. ಆಸ್ಥಾನದಲ್ಲಿದ್ದ ಜೆಹಾನ್ ಲೆರ್ಮಿತ್ ಎಂಬ ಫ್ಲೆಮಿಷ್ ಪರಿಚಾರಕ ಅದರ ಚಿತ್ರ ಬರೆದಿಟ್ಟಿದ್ದರಿಂದ ಅದು ಹೇಗಿತ್ತೆಂಬುದು ಇವತ್ತಿಗೂ ಗೊತ್ತಾಗುತ್ತದೆ. ಬೆನ್ನಿನ ಹಲಗೆ ಹಿಂದಕ್ಕೆ ಒರಗುತ್ತಿತ್ತು, ಕಾಲಿನ ಹಲಗೆ ಮೇಲಕ್ಕೇಳುತ್ತಿತ್ತು, ಕೆಳಗೆ ಪುಟ್ಟ ಗಾಲಿಗಳಿದ್ದವು. ಇಷ್ಟೆಲ್ಲ ಇದ್ದೂ ಕುಳಿತವನು ಮಾತ್ರ ಅದನ್ನು ಒಂದು ಗೇಣೂ ಸರಿಸಲಾರ. ಅರ್ಧ ಭೂಗೋಳಕ್ಕೆ ಆಜ್ಞೆ ಕಳಿಸುತ್ತಿದ್ದ ಅರಸ, ಕಿಟಕಿಯ ಹತ್ತಿರ ಹೋಗಬೇಕೆಂದರೆ ಆಳನ್ನು ಕರೆಯಬೇಕಿತ್ತು.

ಅರಸನಿಗೆ ಇದು ಅವಮಾನವೆನಿಸಿರಲಿಕ್ಕಿಲ್ಲ. ಹೊರಿಸಿಕೊಂಡು ಹೋಗುವುದು ಆ ಕಾಲದಲ್ಲಿ ದೊಡ್ಡಸ್ತಿಕೆಯ ಗುರುತು. ನಮ್ಮಲ್ಲೂ ಹಾಗೇ ಅಲ್ಲವೇ? ದೇವರಿಗೆ ಪಲ್ಲಕ್ಕಿ, ಮಠದ ಗುರುಗಳಿಗೆ ಅಡ್ಡಪಲ್ಲಕ್ಕಿ, ಸಿರಿವಂತರ ಮನೆಯ ಹೆಂಗಸರಿಗೆ ಮೇನೆ. ಆದರೆ ಅದೇ ಹೊರುವಿಕೆ ಶ್ರವಣಬೆಳಗೊಳದ ಬೆಟ್ಟದ ಬುಡದಲ್ಲಿ ಡೋಲಿಯ ರೂಪದಲ್ಲಿ ಎದುರಾದಾಗ ಅರ್ಥ ಬೇರೆಯಾಗುತ್ತದೆ. ಅದರಲ್ಲಿ ಕೂತ ಅಜ್ಜಿಗೆ ಬಾಹುಬಲಿಯ ದರ್ಶನವೇನೋ ಆಗುತ್ತದೆ. ನಡುದಾರಿಯಲ್ಲಿ ನಿಂತು ಒಂದು ಶಾಸನ ನೋಡಬೇಕೆನಿಸಿದರೆ ಮಾತ್ರ ಹೊತ್ತವರ ಉಸಿರು, ಅವರ ಸಮಯ, ಅವರ ಮುಂದಿನ ಸವಾರಿ ಎಲ್ಲವನ್ನೂ ಲೆಕ್ಕ ಹಾಕಬೇಕು. ಹೊರಿಸಿಕೊಳ್ಳುವುದು ಆಯ್ಕೆಯಾದರೆ ಮರ್ಯಾದೆ, ಅನಿವಾರ್ಯವಾದರೆ ಹಂಗು. ಗಾಲಿಕುರ್ಚಿಯ ನಾಲ್ಕು ಶತಮಾನಗಳ ಚರಿತ್ರೆಯನ್ನು ಈ ಹಂಗಿನ ಕಡೆಯಿಂದ ಓದಿದರೆ, ಇವತ್ತು ಕಾರಿನ ಡಿಕ್ಕಿಗೆ ಹಿಡಿಸುವ ಬ್ಯಾಟರಿ ಸ್ಕೂಟರೊಂದನ್ನು ಕೊಳ್ಳಲು ಹೊರಟ ವಯಸ್ಸಾದವರ ಗೊಂದಲವೂ ಸರಿಯಾಗಿ ಅರ್ಥವಾಗುತ್ತದೆ ಎಂದು ನನ್ನ ನಂಬಿಕೆ.

ಹಂಗನ್ನು ಮೊದಲು ಮುರಿದವನು ಅರಸನಲ್ಲ, ಗಡಿಯಾರ ರಿಪೇರಿಯವನು. ಜರ್ಮನಿಯ ನ್ಯೂರೆಂಬರ್ಗ್ ಬಳಿಯ ಆಲ್ಟ್‌ಡಾರ್ಫ್ ಊರಿನ ಸ್ಟೀಫನ್ ಫಾರ್ಫ್ಲರ್‌ಗೆ ಕಾಲುಗಳಲ್ಲಿ ಸ್ವಾಧೀನವಿರಲಿಲ್ಲ. 1655ರಲ್ಲಿ, ಇಪ್ಪತ್ತೆರಡರ ಪ್ರಾಯದಲ್ಲಿ, ಆತ ತನಗಾಗಿ ಒಂದು ಮೂರು ಗಾಲಿಯ ಗಾಡಿ ಮಾಡಿಕೊಂಡ. ಮುಂದಿನ ಗಾಲಿಗೆ ಹಲ್ಲುಚಕ್ರಗಳನ್ನು ಜೋಡಿಸಿ ಎರಡು ಕೈಹಿಡಿಕೆಗಳಿಂದ ತಿರುಗಿಸಿದರೆ ಗಾಡಿ ಮುಂದೆ ಹೋಗುತ್ತಿತ್ತು. ಗಡಿಯಾರದೊಳಗೆ ಸಣ್ಣ ಬಲ ದೊಡ್ಡ ಚಕ್ರವನ್ನು ತಿರುಗಿಸುವ ಉಪಾಯ ಅವನ ಕಸುಬಿನದೇ. ನಮ್ಮ ಊರುಗಳಲ್ಲಿ ಬಸ್ ನಿಲ್ದಾಣದ ಮುಂದೆ ಇವತ್ತಿಗೂ ಕಾಣುವ, ಕೈಯಿಂದ ಪೆಡಲ್ ತಿರುಗಿಸುವ ಮೂರು ಗಾಲಿ ಸೈಕಲ್‌ಗೆ ಅವನ ಗಾಡಿಯನ್ನು ಮೂಲಪುರುಷ ಎನ್ನಬಹುದು.

ವಿಚಿತ್ರವೆಂದರೆ ಫಾರ್ಫ್ಲರ್‌ನ ದಾರಿ ಹಿಡಿಯಲು ಲೋಕಕ್ಕೆ ಅವಸರವಿರಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಬಾತ್ ಪಟ್ಟಣದ ಬಿಸಿನೀರ ಬುಗ್ಗೆಗಳಿಗೆ ರೋಗಿಗಳು ದಂಡುಕಟ್ಟಿ ಬರುತ್ತಿದ್ದಾಗ ಹುಟ್ಟಿದ 'ಬಾತ್ ಚೇರ್' ಮತ್ತೆ ಹಳೆಯ ದಾರಿಗೇ ಹೋಯಿತು. ಮೂರೋ ನಾಲ್ಕೋ ಗಾಲಿ, ಮೇಲೊಂದು ಮಡಿಚುವ ಚಾವಣಿ, ಹಿಂದೆ ತಳ್ಳಲು ಒಬ್ಬ. ಅದರಲ್ಲಿ ಒಂದು ಸಣ್ಣ ಚಮತ್ಕಾರವಿತ್ತು. ಕುಳಿತವರ ಕೈಗೆ ಒಂದು ಉದ್ದನೆಯ ಹಿಡಿಕೆ ಕೊಡುತ್ತಿದ್ದರು, ಅದು ಮುಂದಿನ ಗಾಲಿಯನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತಿತ್ತು. ಅಂದರೆ ದಿಕ್ಕು ನಿಮ್ಮದು, ಬಲ ಇನ್ನೊಬ್ಬರದು. ಇವತ್ತಿನ ಮೊಬಿಲಿಟಿ ಸ್ಕೂಟರಿನ ಮುಂದೆ ನಿಂತಿರುವ ಹ್ಯಾಂಡಲ್ ನೋಡಿದಾಗಲೆಲ್ಲ ನನಗೆ ಆ ಹಿಡಿಕೆ ನೆನಪಾಗುತ್ತದೆ.

ನಡುವಿನ ನೂರಿಪ್ಪತ್ತು ವರ್ಷಗಳನ್ನು ದಾಟಿ ಬರೋಣ. ಬೆತ್ತದ ಕುರ್ಚಿಗಳು, ಸೈಕಲ್ ಗಾಲಿಗಳು, ತಂತಿಯ ಕಡ್ಡಿಗಳು ಬಂದವು. ಎಲ್ಲವೂ ಮನೆ ಮತ್ತು ಆಸ್ಪತ್ರೆಯ ವರಾಂಡದೊಳಗಿನ ಸುಧಾರಣೆಗಳು. 1921ರಲ್ಲಿ ಕಾಲಿನ ಶಕ್ತಿ ಕಳೆದುಕೊಂಡ ಫ್ರಾಂಕ್ಲಿನ್ ರೂಸ್‌ವೆಲ್ಟ್‌ಗೆ ಅವು ಯಾವುವೂ ಸರಿಹೋಗಲಿಲ್ಲ. ಅಗಲವಾದ ಆ ಕುರ್ಚಿಗಳು ಬಾಗಿಲಲ್ಲಿ ತೂರುತ್ತಿರಲಿಲ್ಲ, ರೋಗಿಯ ಕುರ್ಚಿಯೆಂದು ದೂರದಿಂದಲೇ ಸಾರುತ್ತಿದ್ದವು. ಆತ ಕೈಯಿಲ್ಲದ ಸಾಮಾನ್ಯ ಅಡುಗೆಮನೆ ಕುರ್ಚಿಗೆ ಸಣ್ಣ ಗಾಲಿ ಹಾಕಿಸಿಕೊಂಡು ಅದರಲ್ಲೇ ಓಡಾಡಿದ. ಅಮೆರಿಕದ ಅಧ್ಯಕ್ಷನಾದ ಮೇಲೂ ಆ ಕುರ್ಚಿ ಫೋಟೋಗಳಲ್ಲಿ ಕಾಣದಂತೆ ನೋಡಿಕೊಂಡ. ಗಾತ್ರ ಚಿಕ್ಕದಾಗಬೇಕೆಂಬ ಆಸೆಯ ಹಿಂದೆ ಅನುಕೂಲದಷ್ಟೇ ಸಂಕೋಚವೂ ಇರುತ್ತದೆ. ಅದು ಇವತ್ತಿಗೂ ಸುಳ್ಳಲ್ಲ.

ನಿಜವಾದ ತಿರುವು ಬಂದದ್ದು ಕಾರಿನಿಂದ. ಹರ್ಬರ್ಟ್ ಎವರೆಸ್ಟ್ ಗಣಿ ಇಂಜಿನಿಯರ್. 1918ರಲ್ಲಿ ಗಣಿ ಅಪಘಾತದಲ್ಲಿ ಬೆನ್ನುಮೂಳೆ ಮುರಿದು ಗಾಲಿಕುರ್ಚಿಗೆ ಬಂದವನು. ಮೂವತ್ತರ ದಶಕದ ಅಮೆರಿಕದಲ್ಲಿ ಮಧ್ಯಮವರ್ಗದವರ ಮನೆಗಳಿಗೆ ಕಾರು ಬಂದಿತ್ತು. ಕಾರಿದ್ದರೂ ಕುರ್ಚಿ ಅದರೊಳಗೆ ಹಿಡಿಸದಿದ್ದರೆ, ಹೋದ ಊರಲ್ಲಿ ಇಳಿದು ಏನು ಮಾಡುವುದು? ಆತನ ಗೆಳೆಯ ಹ್ಯಾರಿ ಜೆನ್ನಿಂಗ್ಸ್ ಮೆಕ್ಯಾನಿಕಲ್ ಇಂಜಿನಿಯರ್. ಇಬ್ಬರೂ ಸೇರಿ 1933ರ ಹೊತ್ತಿಗೆ ಉಕ್ಕಿನ ಕೊಳವೆಗಳಿಂದ ಮಡಿಚುವ ಕುರ್ಚಿ ಮಾಡಿ ಕಂಪನಿಯನ್ನೂ ಕಟ್ಟಿದರು. ಅದರ ರಹಸ್ಯ ಸೀಟಿನ ಕೆಳಗೆ ಕತ್ತರಿಯಂತೆ ಒಂದರಮೇಲೊಂದು ಹಾಯುವ ಎರಡು ಪಟ್ಟಿಗಳು. ನಮ್ಮ ಮನೆಗಳಲ್ಲಿ ಪುರಾಣ ಓದುವಾಗ ಬಿಡಿಸಿಡುವ ವ್ಯಾಸಪೀಠವನ್ನು ನೆನಪಿಸಿಕೊಂಡರೆ ಸಾಕು, ತತ್ವ ಅದೇ. ಬಟ್ಟೆಯ ಸೀಟನ್ನು ನಡುವೆ ಹಿಡಿದು ಮೇಲೆತ್ತಿದರೆ ಎರಡು ಬದಿಯ ಗಾಲಿಗಳು ಹತ್ತಿರ ಬಂದು ಕುರ್ಚಿ ಚಪ್ಪಟೆಯಾಗುತ್ತದೆ. ಆಸ್ಪತ್ರೆಯ ಬಾಗಿಲಲ್ಲಿ ಇವತ್ತು ಕಾಣುವ ಮಾಮೂಲಿ ಗಾಲಿಕುರ್ಚಿ ತೊಂಬತ್ತು ವರ್ಷಗಳ ಹಿಂದಿನ ಅದೇ ವಿನ್ಯಾಸದ ಮೊಮ್ಮಗು.

ಆದರೆ ಮಡಿಚಿದ ಮಾತ್ರಕ್ಕೆ ಹಗುರವಾಗಲಿಲ್ಲ. ತೂಕ ಇಪ್ಪತ್ತು ಕಿಲೋ ದಾಟುತ್ತಿತ್ತು. ಕುರ್ಚಿಯಲ್ಲಿ ಕೂರುವವರೇ ಅದನ್ನು ಎತ್ತಿ ಕಾರಿಗೆ ಹಾಕುವುದು ಬಹುಪಾಲು ಜನರಿಗೆ ಕನಸಿನ ಮಾತು. ಬೆಲೆಯೂ ಇಳಿಯಲಿಲ್ಲ. ಎವರೆಸ್ಟ್ ಅಂಡ್ ಜೆನ್ನಿಂಗ್ಸ್ ಕಂಪನಿ ಮಾರುಕಟ್ಟೆಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿತ್ತೆಂದರೆ 1977ರಲ್ಲಿ ಅಮೆರಿಕದ ನ್ಯಾಯ ಇಲಾಖೆಯೇ ಅದರ ಮೇಲೆ ಏಕಸ್ವಾಮ್ಯದ ಮೊಕದ್ದಮೆ ಹೂಡಬೇಕಾಯಿತು. ಗಾಲಿಕುರ್ಚಿಯಲ್ಲಿ ಕೂತವನೇ ಕಟ್ಟಿದ ಕಂಪನಿ, ಗಾಲಿಕುರ್ಚಿಯಲ್ಲಿ ಕೂತವರ ಜೇಬಿಗೆ ಭಾರವಾದ ಕಥೆ ಇದು. ಆ ಹಿಡಿತ ಸಡಿಲವಾದದ್ದು ಕೋರ್ಟಿಗಿಂತ ಹೆಚ್ಚಾಗಿ ಪೈಪೋಟಿಯಿಂದ. 1978ರಲ್ಲಿ ಹ್ಯಾಂಗ್ ಗ್ಲೈಡರ್ ಅಪಘಾತದಲ್ಲಿ ಕಾಲಿನ ಸ್ವಾಧೀನ ಕಳೆದುಕೊಂಡ ಮರಿಲಿನ್ ಹ್ಯಾಮಿಲ್ಟನ್ ಎಂಬಾಕೆ ತನ್ನ ಇಬ್ಬರು ಗೆಳೆಯರಿಗೆ, ಗ್ಲೈಡರ್ ಮಾಡುವ ಅಲ್ಯೂಮಿನಿಯಂ ಕೊಳವೆಯಲ್ಲೇ ನನಗೊಂದು ಕುರ್ಚಿ ಮಾಡಿಕೊಡಿ ಎಂದಳು. ಹಾಗೆ ಹುಟ್ಟಿದ 'ಕ್ವಿಕಿ' ಕುರ್ಚಿಯ ತೂಕ ಹಳೆಯದರ ಅರ್ಧದಷ್ಟು. ಅದಕ್ಕೆ ಬಣ್ಣಗಳೂ ಇದ್ದವು.

ಇನ್ನು ಮೋಟಾರಿನ ಕಥೆ. ಕೈಗಳಲ್ಲೂ ಬಲವಿಲ್ಲದವರು ಗಾಲಿಯನ್ನು ತಿರುಗಿಸುವುದು ಹೇಗೆ? ಎರಡನೆಯ ಮಹಾಯುದ್ಧದಲ್ಲಿ ಕುತ್ತಿಗೆಯ ಬಳಿ ಬೆನ್ನುಹುರಿಗೆ ಪೆಟ್ಟಾಗಿ ಬದುಕುಳಿದ ಸೈನಿಕರಿಗಾಗಿ ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಜಾರ್ಜ್ ಕ್ಲೈನ್ ವಿದ್ಯುತ್ ಗಾಲಿಕುರ್ಚಿಯನ್ನು ರೂಪಿಸಿದ. ಐವತ್ತರ ದಶಕದ ನಡುವಿಗೆ ಅದು ಕಾರ್ಖಾನೆಗೆ ಬಂತು. ಈ ಯಂತ್ರ ಒಬ್ಬ ಮನುಷ್ಯನಿಗೆ ಏನು ಕೊಟ್ಟಿತೆಂಬುದಕ್ಕೆ ಎಡ್ ರಾಬರ್ಟ್ಸ್‌ನಷ್ಟು ಒಳ್ಳೆಯ ಸಾಕ್ಷಿ ಇಲ್ಲ. ಹದಿನಾಲ್ಕರ ಪ್ರಾಯದಲ್ಲಿ ಪೋಲಿಯೋ ಬಂದು ಕುತ್ತಿಗೆಯ ಕೆಳಗೆ ಬಹುತೇಕ ಸ್ವಾಧೀನ ಕಳೆದುಕೊಂಡವನು, ರಾತ್ರಿ ಉಸಿರಾಟದ ಯಂತ್ರದೊಳಗೆ ಮಲಗಬೇಕಾದವನು. 1962ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸೇರಿ, ಹಾಸ್ಟೆಲಿನ ಬದಲು ಅಲ್ಲಿನ ಆಸ್ಪತ್ರೆಯ ಕೋಣೆಯಲ್ಲಿ ಉಳಿದು ಓದಿದ. ವಿದ್ಯುತ್ ಕುರ್ಚಿ ನಿನ್ನಿಂದ ಆಗದು ಎಂದು ಅವನಿಗೆ ಹೇಳಿದ್ದರು. ಆಮೇಲೆ ಅವನು ಪ್ರೀತಿಯಲ್ಲಿ ಬಿದ್ದ. ಗೆಳತಿಯ ಜೊತೆ ಹೊರಟಾಗಲೆಲ್ಲ ಹಿಂದೆ ಕುರ್ಚಿ ತಳ್ಳುವ ಸಹಾಯಕ! ತನ್ನ ಕೈಗೆ ಒಗ್ಗುವಂತೆ ನಿಯಂತ್ರಣವನ್ನು ತಿರುಗಿಸಿಸಿಕೊಂಡು ಒಂದೇ ದಿನದಲ್ಲಿ ವಿದ್ಯುತ್ ಕುರ್ಚಿ ಓಡಿಸಲು ಕಲಿತೆ ಎಂದು ಅವನೇ ಮುಂದೆ ನಗುತ್ತ ಹೇಳಿಕೊಳ್ಳುತ್ತಿದ್ದ. 1972ರಲ್ಲಿ ಬರ್ಕ್ಲಿಯಲ್ಲಿ 'ಸ್ವತಂತ್ರ ಜೀವನ ಕೇಂದ್ರ' ಆರಂಭಿಸಿದವರಲ್ಲಿ ಅವನೂ ಒಬ್ಬ. ಸ್ವಾತಂತ್ರ್ಯ ಎಂಬ ದೊಡ್ಡ ಪದದ ಹಿಂದೆ ಎಷ್ಟೋ ಸಲ ಇಂಥ ಚಿಕ್ಕ ಬಯಕೆ ಇರುತ್ತದೆ: ಯಾರೂ ಹಿಂದೆ ನಿಂತಿರಬಾರದು, ಅಷ್ಟೇ.

ಗಾಲಿಕುರ್ಚಿಗೂ ನಡಿಗೆಗೂ ನಡುವೆ ಇನ್ನೊಂದು ದೊಡ್ಡ ಗುಂಪಿದೆ. ಇವರು ನಡೆಯಬಲ್ಲರು, ಆದರೆ ದೂರ ನಡೆಯಲಾರರು. ಮಂಡಿ ಸವೆದವರು, ಎದೆಯ ಕಾಯಿಲೆಯವರು, ಪಾರ್ಶ್ವವಾಯುವಿನಿಂದ ಅರ್ಧ ಚೇತರಿಸಿಕೊಂಡವರು. ಅಡುಗೆಮನೆಯಿಂದ ಜಗಲಿಗೆ ಬರುತ್ತಾರೆ, ಮೂಲೆಯ ಅಂಗಡಿಗೆ ಹೋಗಲಾರರು. ಇವರಿಗೆ ಏನೂ ಇರಲಿಲ್ಲ. 1968ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಕೊಳಾಯಿ ಕೆಲಸದ ಗುತ್ತಿಗೆದಾರ ಅಲನ್ ಥೀಮ್ ಮಲ್ಟಿಪಲ್ ಸ್ಕ್ಲೆರೋಸಿಸ್ ಬಂದಿದ್ದ ತನ್ನ ಹೆಂಡತಿಗಾಗಿ ಒಂದು ವಾಹನ ಮಾಡಿದ. ಕೆಳಗೆ ಮೂರು ಗಾಲಿಯ ಪುಟ್ಟ ಹಲಗೆ, ಮೇಲೆ ತಿರುಗುವ ಸೀಟು, ಮುಂದೆ ಹ್ಯಾಂಡಲ್, ಒಂದು ಬ್ಯಾಟರಿ. ಅದಕ್ಕೆ 'ಅಮಿಗೋ' ಎಂದು ಹೆಸರಿಟ್ಟ. ಸ್ಪ್ಯಾನಿಷ್‌ನಲ್ಲಿ ಗೆಳೆಯ ಎಂದರ್ಥ. ಮೊಬಿಲಿಟಿ ಸ್ಕೂಟರ್‌ಗಳ ವಂಶ ಅಲ್ಲಿಂದ ಶುರು. ಕುರ್ಚಿಯ ಹಾಗೆ ಕಾಣದಿರುವುದೇ ಅದರ ದೊಡ್ಡ ಗುಣವಾಯಿತು. ಕಾಯಿಲೆಯವರೆಂದು ಕರೆಸಿಕೊಳ್ಳಲು ಒಪ್ಪದ ಹಿರಿಯರೂ ಸ್ಕೂಟರ್ ಏರಲು ಒಪ್ಪಿದರು.

ಹಣ ಕೊಡುವವರು ಮಾತ್ರ ಬೇರೆ ರೀತಿ ಯೋಚಿಸಿದರು. ಅಮೆರಿಕದ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ ಇಂಥ ಸ್ಕೂಟರಿಗೆ ಹಣ ಕೊಡುವುದು ಮನೆಯೊಳಗಿನ ಓಡಾಟಕ್ಕೆ ಅದು ಬೇಕೇಬೇಕು ಎಂದಾದರೆ ಮಾತ್ರ. ಮನೆಯಿಂದ ಹೊರಗೆ ಹೋಗಲೆಂದೇ ಹುಟ್ಟಿದ ವಾಹನಕ್ಕೆ ಮನೆಯೊಳಗಿನ ಷರತ್ತು! ಸ್ನಾನ, ಊಟ, ಶೌಚ ಅಗತ್ಯಗಳಂತೆ; ಸಂತೆ, ಗೆಳೆಯರ ಮನೆ, ಗ್ರಂಥಾಲಯ ಅಗತ್ಯವಲ್ಲವಂತೆ.

ಬ್ರಿಟನ್ ಇದೇ ತಪ್ಪನ್ನು ಇನ್ನೊಂದು ಬಗೆಯಲ್ಲಿ ಮಾಡಿತು. ಬರ್ಟ್ ಗ್ರೀವ್ಸ್ ಎಂಬಾತ 1948ರ ಸುಮಾರಿಗೆ ಪಾರ್ಶ್ವವಾಯು ಪೀಡಿತನಾದ ತನ್ನ ದಾಯಾದಿಗಾಗಿ ಮಾಡಿದ ಮೋಟಾರು ಗಾಡಿಯಿಂದ 'ಇನ್ವಾಕಾರ್' ಹುಟ್ಟಿತು. ಯುದ್ಧದಲ್ಲಿ ಗಾಯಗೊಂಡವರಿಗೆ, ಬಳಿಕ ಇತರರಿಗೂ, ಸರ್ಕಾರ ಅದನ್ನು ಉಚಿತವಾಗಿ ಕೊಟ್ಟಿತು. ತಿಳಿನೀಲಿ ಬಣ್ಣ, ಮೂರು ಗಾಲಿ, ಒಂದೇ ಸೀಟು. ಈ ಒಂದೇ ಸೀಟು ಎಂಬುದನ್ನು ಗಮನಿಸಿ. ಇನ್ನೊಬ್ಬರನ್ನು ಕೂರಿಸಿಕೊಳ್ಳುವಂತಿರಲಿಲ್ಲ. ತಾಯಿ ಮಗುವನ್ನು ಶಾಲೆಗೆ ಬಿಡುವಂತಿಲ್ಲ, ಗಂಡ ಹೆಂಡತಿ ಒಟ್ಟಿಗೆ ಮದುವೆಮನೆಗೆ ಹೋಗುವಂತಿಲ್ಲ. ನಡೆಯಲಾಗದವರು ಒಂಟಿಯಾಗಿಯೇ ಇರುತ್ತಾರೆ ಎಂದು ಯಾರೋ ಕಚೇರಿಯಲ್ಲಿ ಕೂತು ತೀರ್ಮಾನಿಸಿದಂತಿತ್ತು. ಗಾಳಿ ಬಿರುಸಾದರೆ ಗಾಡಿ ವಾಲುತ್ತಿತ್ತು ಎಂಬ ದೂರು ಬೇರೆ. ಬಳಕೆದಾರರೇ ವರ್ಷಗಟ್ಟಲೆ ಗಲಾಟೆ ಮಾಡಿದ ಮೇಲೆ 1976ರಲ್ಲಿ ಓಡಾಟದ ಭತ್ಯೆ ಬಂತು. ಮರುವರ್ಷ ಶುರುವಾದ 'ಮೋಟಬಿಲಿಟಿ' ಯೋಜನೆಯಲ್ಲಿ ಆ ಭತ್ಯೆಯನ್ನು ಕೊಟ್ಟು ಎಲ್ಲರಂತೆ ಮಾಮೂಲಿ ಕಾರು ಪಡೆಯಬಹುದಾಯಿತು. ವಾಹನ ಕೊಡುವ ಬದಲು ಹಣ ಕೊಟ್ಟು ಆಯ್ಕೆಯನ್ನು ಬಿಟ್ಟುಕೊಟ್ಟದ್ದು ಈ ಇಡೀ ಚರಿತ್ರೆಯಲ್ಲಿ ನನಗೆ ಯಾವ ಮೋಟಾರಿಗಿಂತಲೂ ದೊಡ್ಡ ಆವಿಷ್ಕಾರವಾಗಿ ಕಾಣುತ್ತದೆ. ಕೊನೆಯ ಇನ್ವಾಕಾರ್‌ಗಳನ್ನು 2003ರ ಮಾರ್ಚ್ 31ರಂದು ರಸ್ತೆಯಿಂದ ತೆಗೆದರು.

ಅಲ್ಲಿನ ಕಾನೂನಿನ ಭಾಷೆಯಲ್ಲಿ ಇಂಥ ವಾಹನಗಳಿಗೆ 'ಇನ್‌ವ್ಯಾಲಿಡ್ ಕ್ಯಾರಿಯೇಜ್' ಎಂದು ಹೆಸರು. ಆ ಹೆಸರು ಹಡಗು ಹತ್ತಿ ನಮ್ಮಲ್ಲಿಗೂ ಬಂತು. 1988ರ ನಮ್ಮ ಮೋಟಾರು ವಾಹನ ಕಾಯ್ದೆ ಇದೇ ಪದವನ್ನು ಬಳಸಿ, ಅದು ಅಂಗವಿಕಲರಿಗೆಂದೇ ವಿನ್ಯಾಸಗೊಳಿಸಿ ತಯಾರಿಸಿದ ವಾಹನವಾಗಿರಬೇಕು, ಬರೀ ಮಾರ್ಪಡಿಸಿದ್ದಾಗಿರಬಾರದು ಎಂದು ವ್ಯಾಖ್ಯಾನಿಸಿತು. ಬರೀ ಮಾರ್ಪಡಿಸಿದ್ದಾಗಿರಬಾರದು! ಆ ಹೊತ್ತಿಗೆ ನಮ್ಮ ಊರುಗಳಲ್ಲಿ ಓಡುತ್ತಿದ್ದುದೆಲ್ಲ ಮಾರ್ಪಡಿಸಿದವೇ. ಎಂಬತ್ತರ ದಶಕದ ನಡುವೆ ಕೈನೆಟಿಕ್ ಹೋಂಡಾ ಬಂದಾಗ ಅದರಲ್ಲಿ ಗೇರಿಲ್ಲ, ಕಿಕ್ ಹೊಡೆಯಬೇಕಿಲ್ಲ, ಗುಂಡಿ ಒತ್ತಿದರೆ ಸ್ಟಾರ್ಟು. ಜಾಹೀರಾತುಗಳು ಇದನ್ನು ಹೆಂಗಸರ ಅನುಕೂಲವೆಂದು ನೋಡಿದರೆ, ಪೋಲಿಯೋದಿಂದ ಕಾಲು ಸೋತ ಯುವಕರು ತಮ್ಮ ಅನುಕೂಲವೆಂದು ಕಂಡುಕೊಂಡರು. ಗ್ಯಾರೇಜಿನ ಮೇಸ್ತ್ರಿಯೊಬ್ಬ ಕಬ್ಬಿಣದ ಚೌಕಟ್ಟು ಬೆಸೆದು ಹಿಂದೆ ಎರಡೂ ಬದಿಗೆ ಒಂದೊಂದು ಗಾಲಿ ಕೂರಿಸಿದರೆ ಮುಗಿಯಿತು. ಬ್ಯಾಂಕಿನ ಗುಮಾಸ್ತರು, ಮೇಷ್ಟ್ರುಗಳು, ಎಸ್‌ಟಿಡಿ ಬೂತಿನವರು, ಎಷ್ಟು ಜನ ಈ ನಾಲ್ಕು ಗಾಲಿಯ ಸ್ಕೂಟರಿನ ಮೇಲೆ ಸಂಸಾರ ಸಾಗಿಸಲಿಲ್ಲ! ಅದಕ್ಕೆ ಹಿಂದೆ ಇನ್ನೊಬ್ಬರು ಕೂರುವ ಜಾಗವೂ ಇತ್ತು. ಬ್ರಿಟನ್ನಿನ ಸರ್ಕಾರಕ್ಕೆ ಹೊಳೆಯದ್ದು ನಮ್ಮ ವೆಲ್ಡಿಂಗ್ ಅಂಗಡಿಗೆ ಹೊಳೆದಿತ್ತು. ಕಾನೂನು ಇವರ ಹಿಂದೆ ಕುಂಟುತ್ತ ಬಂತು. 2019ರ ತಿದ್ದುಪಡಿಯಲ್ಲಿ ಹಳೆಯ ಹೆಸರು ಹೋಗಿ 'ಅಡಾಪ್ಟೆಡ್ ವೆಹಿಕಲ್' ಬಂದು, ಮಾರ್ಪಡಿಸಿದ್ದನ್ನೂ ಒಪ್ಪಿಕೊಂಡಿತು.

ಸರ್ಕಾರದ ಕಡೆಯಿಂದ ಬಂದದ್ದು ಬೇರೆ ವಂಶ. 1972ರಲ್ಲಿ ಕಾನ್ಪುರದಲ್ಲಿ ಸ್ಥಾಪನೆಯಾದ ಕೃತಕ ಅಂಗಗಳ ನಿಗಮ, ಅಂದರೆ ಅಲಿಮ್ಕೋ, ಲಕ್ಷಾಂತರ ಕೈಸೈಕಲ್‌ಗಳನ್ನು ಮಾಡಿತು. 1981ರ ಎಡಿಪ್ ಯೋಜನೆಯಲ್ಲಿ ಅವು ಹಳ್ಳಿಹಳ್ಳಿಗೂ ಮುಟ್ಟಿದವು. ಶಾಮಿಯಾನದ ಕೆಳಗೆ ಸಾಲಾಗಿ ನಿಲ್ಲಿಸಿ, ಹಾರ ಹಾಕಿ, ಶಾಸಕರು ಹಂಚುವ ಫೋಟೋ ನಮಗೆಲ್ಲ ಪರಿಚಿತ. ಗಟ್ಟಿಮುಟ್ಟಾದ ವಾಹನ, ಮಣ್ಣುರಸ್ತೆಗೆ ಹೇಳಿ ಮಾಡಿಸಿದ್ದು, ಪಂಕ್ಚರ್ ಅಂಗಡಿಯವನೇ ರಿಪೇರಿ ಮಾಡಬಲ್ಲ. ಅದು ಸಣ್ಣ ಗುಣವಲ್ಲ. ಆದರೆ ಮನೆಯ ಬಾಗಿಲೊಳಗೆ ಬಾರದು, ಬಸ್ಸಿಗೆ ಏರದು. ಎಡಿಪ್‌ನ 2014ರ ನಿಯಮದಲ್ಲಿ ಮೋಟಾರಿನ ತ್ರಿಚಕ್ರಕ್ಕೆ 25 ಸಾವಿರ ರೂಪಾಯಿಯವರೆಗೆ ನೆರವು ಸಿಕ್ಕಿತಾದರೂ ಅದು ತೀವ್ರ ಅಂಗವೈಕಲ್ಯ ಇರುವವರಿಗೆ. ಮಂಡಿ ಸವೆದ ಅಜ್ಜಿಗೆ ಅಂಥ ಪ್ರಮಾಣಪತ್ರ ಸಿಗುವುದು ಸುಲಭವಲ್ಲ. ಇದರ ಮೇಲೆ 2017ರಲ್ಲಿ ಜಿಎಸ್‌ಟಿ ಬಂದಾಗ ಗಾಲಿಕುರ್ಚಿಗೂ ಶೇಕಡಾ 5ರ ತೆರಿಗೆ ಬಿತ್ತು. ನಡಿಗೆಗೆ ತೆರಿಗೆಯೇ ಎಂದು ಅಂಗವಿಕಲರ ಸಂಘಟನೆಗಳು ಕೇಳಿದ ಪ್ರಶ್ನೆಯಲ್ಲಿ ನ್ಯಾಯವಿತ್ತು.

ಈಗ ಸ್ವದೇಶಿ ಪ್ರಯತ್ನಗಳೂ ಶುರುವಾಗಿವೆ. ಮದ್ರಾಸ್ ಐಐಟಿಯಲ್ಲಿ ಹುಟ್ಟಿದ ನಿಯೋಮೋಷನ್ ಕಂಪನಿಯ 'ನಿಯೋಬೋಲ್ಟ್' ಗಾಲಿಕುರ್ಚಿಯ ಮುಂದೆ ಕೊಂಡಿ ಹಾಕಿಕೊಳ್ಳುವ ಮೋಟಾರು ಗಾಲಿ. 2021ರಲ್ಲಿ ಅದರ ಬೆಲೆ 55 ಸಾವಿರ ರೂಪಾಯಿ, ವೇಗ ಗಂಟೆಗೆ 25 ಕಿಲೋಮೀಟರ್. ರಸ್ತೆಯಲ್ಲಿ ಸ್ಕೂಟರ್, ಕೊಂಡಿ ಕಳಚಿದರೆ ಮನೆಯಲ್ಲಿ ಕುರ್ಚಿ. ಒಂದು ವಾಹನ ಒಳಗಿನದೋ ಹೊರಗಿನದೋ ಎಂಬ ಮೆಡಿಕೇರ್‌ನ ತಕರಾರಿಗೆ ಇದು ತಕ್ಕ ಉತ್ತರದ ಹಾಗಿದೆ. ಆದರೆ ಇದು ಕುರ್ಚಿ ಬಳಸುವವರಿಗೆ. ನಾಲ್ಕು ಹೆಜ್ಜೆ ನಡೆಯಬಲ್ಲ ಅಜ್ಜ ಅಜ್ಜಿಯರು ಇನ್ನೂ ಥೀಮ್‌ನ ಅಮಿಗೋ ವಂಶದ ಕಡೆಗೇ ನೋಡಬೇಕು.

ಆ ವಂಶ ಈಗ ಎರಡು ಕವಲಾಗಿದೆ. ಒಂದು, ಬಿಡಿಭಾಗಗಳಾಗಿ ಕಳಚುವ ಸ್ಕೂಟರ್: ಸೀಟು, ಬ್ಯಾಟರಿ, ಮುಂಭಾಗ, ಹಿಂಭಾಗ. ಒಟ್ಟು ತೂಕ ನಲವತ್ತು ಕಿಲೋ ಮೇಲಿದ್ದರೂ ಅತಿ ಭಾರದ ತುಂಡು ಹದಿನೈದು ಕಿಲೋ ಆಸುಪಾಸು. ಬೆಲೆ ಕಡಿಮೆ, ಏಕೆಂದರೆ ಅದರ ಬ್ಯಾಟರಿ ಹಳೆಯ ಸೀಸ-ಆಮ್ಲದ್ದು. ಇನ್ನೊಂದು, ಸೂಟ್‌ಕೇಸಿನಂತೆ ಮಡಿಚಿ ಎಳೆದುಕೊಂಡು ಹೋಗುವ ಲಿಥಿಯಂ ಸ್ಕೂಟರ್. ತೂಕ ಇಪ್ಪತ್ತರಿಂದ ಮೂವತ್ತು ಕಿಲೋ, ಬೆಲೆ ಜಾಸ್ತಿ. ಮಾರುವವರು ಎರಡನ್ನೂ ಪೋರ್ಟಬಲ್ ಎನ್ನುತ್ತಾರೆ. ಯಾರಿಗೆ ಪೋರ್ಟಬಲ್ ಎಂದು ಕೇಳಬೇಕಾದವರು ನಾವು. ಹದಿನೈದು ಕಿಲೋ ಎಂದರೆ ತುಂಬಿದ ಗ್ಯಾಸ್ ಸಿಲಿಂಡರಿನ ಅರ್ಧ. ಸಂಧಿವಾತದ ಬೆರಳುಗಳು ಅದನ್ನು ಡಿಕ್ಕಿಯ ಎತ್ತರಕ್ಕೆ ಎತ್ತಬಲ್ಲವೇ? ಅಂಗಡಿಯಲ್ಲಿ ಹುಡುಗ ಅರ್ಧ ನಿಮಿಷದಲ್ಲಿ ಕಳಚಿ ಜೋಡಿಸಿ ತೋರಿಸುತ್ತಾನೆ, ಮಗ ತಲೆಯಾಡಿಸಿ ಹಣ ಕೊಡುತ್ತಾನೆ. ಮಗ ಊರಲ್ಲಿಲ್ಲದ ದಿನ ಸ್ಕೂಟರ್ ಮೂಲೆಯಲ್ಲಿರುತ್ತದೆ. ತಳ್ಳುವವನ ಜಾಗಕ್ಕೆ ಎತ್ತುವವನು ಬಂದ, ಅಷ್ಟೇ ವ್ಯತ್ಯಾಸ. ಕಳಚುವುದನ್ನೂ ಎತ್ತುವುದನ್ನೂ ಅದನ್ನು ಓಡಿಸುವವರೇ ಅಂಗಡಿಯಲ್ಲಿ ಮಾಡಿ ನೋಡುವುದು ಒಳ್ಳೆಯದು.

ವಿಮಾನ ಹತ್ತುವ ಆಸೆಯಿದ್ದರೆ ಬ್ಯಾಟರಿಯ ಮೇಲಿನ ಬರಹವನ್ನೂ ಓದಬೇಕು. ಕಳಚಿ ಕೈಯಲ್ಲಿ ಒಯ್ಯುವ ಲಿಥಿಯಂ ಬ್ಯಾಟರಿಗೆ ಅಂತರರಾಷ್ಟ್ರೀಯ ನಿಯಮದ ಮಿತಿ 300 ವ್ಯಾಟ್-ಅವರ್, ಎರಡು ಬ್ಯಾಟರಿಯಾದರೆ ಒಂದೊಂದು 160. ವೋಲ್ಟನ್ನೂ ಆಂಪಿಯರ್-ಅವರನ್ನೂ ಗುಣಿಸಿದರೆ ಈ ಸಂಖ್ಯೆ ಸಿಗುತ್ತದೆ: 24 ವೋಲ್ಟ್, 12 ಆಂಪಿಯರ್-ಅವರ್ ಇದ್ದರೆ 288. ದೂರ ಓಡಲಿ ಎಂದು ದೊಡ್ಡ ಬ್ಯಾಟರಿ ಹಾಕಿಸಿದವರು ಮೈಸೂರಿನೊಳಗೆ ಹೆಚ್ಚು ಸುತ್ತುತ್ತಾರೆ, ಮಗಳಿರುವ ಊರಿಗೆ ಹಾರುವಾಗ ಸ್ಕೂಟರನ್ನು ಬಿಟ್ಟು ಹೋಗುತ್ತಾರೆ.

ಇನ್ನು ನೆಲ. ಈ ಸ್ಕೂಟರುಗಳ ಹೊಟ್ಟೆ ನೆಲದಿಂದ ಎರಡು ಮೂರು ಇಂಚು ಮಾತ್ರ ಮೇಲೆ, ಗಾಲಿಗಳು ಊಟದ ತಟ್ಟೆಗಿಂತ ಚಿಕ್ಕವು. ಕೇಂದ್ರ ಸರ್ಕಾರದ ಕಟ್ಟಡ ಮಾರ್ಗಸೂಚಿ ಹೇಳುವ ಇಳಿಜಾರು 1:12, ಅಂದರೆ ಅರ್ಧ ಅಡಿ ಮೆಟ್ಟಿಲಿಗೆ ಆರಡಿ ಉದ್ದದ ರ‍್ಯಾಂಪ್. ಅಷ್ಟನ್ನು ಸಣ್ಣ ಮೋಟಾರೂ ಸರಾಗವಾಗಿ ಏರುತ್ತದೆ. ನಮ್ಮ ಮನೆಗಳ ಗೇಟಿನ ಮುಂದೆ ಬೈಕಿಗೆಂದು ಹಾಕಿಸಿದ ಸಿಮೆಂಟಿನ ಗುಡ್ಡ ಎರಡಡಿಯಲ್ಲೇ ಮುಗಿಯುತ್ತದೆ. ಅದರ ಮೇಲೆ ಸ್ಕೂಟರು ಹಿಂದಕ್ಕೆ ಮಗುಚುವ ಅಪಾಯವಿದೆ. ಅಪಾರ್ಟ್‌ಮೆಂಟಿನವರು ಲಿಫ್ಟಿನ ಬಾಗಿಲು ಎಷ್ಟು ಅಗಲ, ಒಳಗೆ ಎಷ್ಟು ಆಳ ಎಂದು ಟೇಪು ಹಿಡಿದು ಅಳೆದುಕೊಂಡು ಅಂಗಡಿಗೆ ಹೋಗಬೇಕು. ಒಳಗೆ ತಿರುಗಿಸಲಾಗದಿದ್ದರೆ ಹಿಂದಕ್ಕೆ ಓಡಿಸಿಯೇ ಹೊರಬರಬೇಕಾಗುತ್ತದೆ. ಅದನ್ನೂ ಅಂಗಡಿಯಲ್ಲೇ ಒಮ್ಮೆ ಅಭ್ಯಾಸ ಮಾಡಿಕೊಂಡು ಬರಬಹುದು.